ಮುಚ್ಚಿದ ಬೀದಿಗೆ ಕಡ್ಡಿ ಬರಲಿಲ್ಲ

“ಮಾವ, ನಿಮ್ಮ ಸಿಮೆಂಟ್ ತೊಟ್ಟಿಗಳು ಅಲ್ಲೇ ಇರ್ತವೆ ಅನ್ನೋದಾದ್ರೆ, ನಾಳೆಯಿಂದ ಬ್ರೆಡ್ ಟ್ರೇಗಳನ್ನ ನೀವೇ ತಲೆ ಮೇಲೆ ಹೊತ್ಕೊಂಡು ಅಂಗಡಿ ಅಂಗಡಿಗೂ ಹಾಕಿ ಬನ್ನಿ. ನನ್ನ ವ್ಯಾನಿಗೆ ರೆಕ್ಕೆ ಇಲ್ಲ.”

ಅಮ್ಮ ಇಷ್ಟು ಹೇಳಿ ವ್ಯಾನಿನ ಕೀಯನ್ನು ಮೇಜಿನ ಮೇಲೆ ಟಪ್ಪಂತ ಇಟ್ಟಳು. ಅವಳು ಬೇಕರಿಯ ವ್ಯಾನ್ ಓಡಿಸುತ್ತಾಳೆ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬನ್ನು, ಸಂಜೆ ಸುಸ್ತು.

ಅಜ್ಜ ಗಂಟಲು ಸರಿಮಾಡಿಕೊಂಡ. ಅಜ್ಜ ಗಂಟಲು ಸರಿಮಾಡಿಕೊಂಡರೆ ಭಾಷಣ ಬರುತ್ತಿದೆ ಅಂತಲೇ ಅರ್ಥ. ಅಪ್ಪ ತಟ್ಟೆಗಳನ್ನೆಲ್ಲ ಬಾಚಿಕೊಂಡು ಅಡುಗೆಮನೆಗೆ ಓಡಿದ. ಮಗಳು ಚೂಟಿಯ ತಟ್ಟೆಯಲ್ಲಿ ಇನ್ನೂ ಊಟ ಇತ್ತು, ಅದೂ ಹೋಯಿತು.

“ಬೀದಿ ಕಾರಿನದ್ದಲ್ಲಮ್ಮ, ಜನರದ್ದು,” ಅಂದ ಅಜ್ಜ. “ಇಷ್ಟು ವರ್ಷ ಕಾರಿದ್ದವರು ಬಳಸಿದ್ರು. ಈಗ ಕಾಲಿದ್ದವರು ಬಳಸಲಿ.”

“ನನಗೂ ಕಾಲಿದೆ ಮಾವ. ಅದು ದಿನವಿಡೀ ಬ್ರೇಕಿನ ಮೇಲಿರುತ್ತೆ.”

ವಿಷಯ ಇಷ್ಟೇ. ಇವರ ಬೀದಿಯ ಎರಡು ತುದಿಗೂ ಎರಡು ದೊಡ್ಡ ರಸ್ತೆಗಳಿದ್ದವು. ಸಿಗ್ನಲ್ಲಿನಲ್ಲಿ ಕಾಯುವ ತಾಳ್ಮೆ ಇಲ್ಲದವರೆಲ್ಲ ನಡುವಿನ ಈ ಬೀದಿಯಲ್ಲಿ ನುಗ್ಗಿ ಆಚೆ ಹೋಗುತ್ತಿದ್ದರು. ಹೋದ ತಿಂಗಳು ನಗರಸಭೆಯವರು ಬಂದು, ಮಧ್ಯದಲ್ಲಿ ದೊಡ್ಡ ದೊಡ್ಡ ಸಿಮೆಂಟ್ ತೊಟ್ಟಿಗಳನ್ನು ಸಾಲಾಗಿ ಇಟ್ಟು, ಅದರಲ್ಲಿ ಗಿಡ ನೆಟ್ಟು ಹೋದರು. ನಡೆಯುವವರು ತೂರಬಹುದು, ಸೈಕಲ್ಲು ತೂರಬಹುದು, ಕಾರು ತೂರುವಂತಿಲ್ಲ. ಸದ್ಯಕ್ಕೆ ಇದು ಟ್ರಯಲ್ಲು. ಕಾಯಂ ಆಗಿ ಬೇಕೋ ಬೇಡವೋ ಅಂತ ಬೀದಿಯವರೇ ಸಭೆ ಮಾಡಿ ತಿಳಿಸಬೇಕು.

ಸಭೆ ಅಂದರೆ ಅಜ್ಜನಿಗೆ ಪ್ರಾಣ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಅವನು ಕಾರ್ಮಿಕ ಸಂಘದ ಕಾರ್ಯದರ್ಶಿ. ರಿಟೈರ್ ಆದ ದಿನ ಸ್ಪ್ಯಾನರುಗಳನ್ನು ಡಿಪೋದಲ್ಲೇ ಬಿಟ್ಟು ಬಂದ, ಸಭೆಯನ್ನು ಮಾತ್ರ ಮನೆಗೆ ತಂದ. ಅಂದಿನಿಂದ ಈ ಮನೆಯಲ್ಲಿ ಕೈ ಎತ್ತದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಕಿಟಕಿಯ ಪರದೆ ನೀಲಿಯೋ ಹಳದಿಯೋ, ಭಾನುವಾರ ಬಚ್ಚಲು ತೊಳೆಯುವವರು ಯಾರು, ಚೂಟಿಯ ಕೂದಲು ಕತ್ತರಿಸಬೇಕೋ ಬೇಡವೋ, ಎಲ್ಲಕ್ಕೂ ಮತ. ಕೂದಲಿನ ವಿಷಯದಲ್ಲಿ ಚೂಟಿ ಹೀನಾಯವಾಗಿ ಸೋತಿದ್ದಳು. ಆದರೂ ಅವಳಿಗೆ ಈ ಪದ್ಧತಿ ಇಷ್ಟ. ಚಿಕ್ಕ ಕೈಗೂ ದೊಡ್ಡ ಕೈಗೂ ಒಂದೇ ಬೆಲೆ ಅನ್ನುವ ಮನೆ ಎಷ್ಟಿರುತ್ತವೆ?

“ಸರಿ, ಬೀದಿ ಮುಚ್ಚಿರಲಿ ಅನ್ನೋರು ಕೈ ಎತ್ತಿ,” ಅಂದು ಅಜ್ಜ ತಾನೇ ಮೊದಲು ಎತ್ತಿದ. ಅಮ್ಮ ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ಅಪ್ಪನನ್ನು ಕೂಗಿದರೆ, ಸೋಪಿನ ನೊರೆ ಮೆತ್ತಿದ ತಟ್ಟೆಗಳ ಸಮೇತ ಬಾಗಿಲಿಗೆ ಬಂದು, ತನ್ನ ಕೈ ಖಾಲಿ ಇಲ್ಲವಲ್ಲ ಅಂದ. ಅಜ್ಜ ಒಂದು ಕಡೆ, ಅಮ್ಮ ಒಂದು ಕಡೆ ಇದ್ದಾಗ ಅಪ್ಪನ ಕೈ ಖಾಲಿ ಇದ್ದದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ.

ಉಳಿದದ್ದು ಚೂಟಿ. ಅವಳು ಕೈ ಎತ್ತಿದಳು. ಆದರೆ ಕೈ ಕಿವಿಯವರೆಗೆ ಹೋಗಿ ಅಲ್ಲೇ ನಿಂತಿತು.

“ಅದು ಮತವೋ, ಕಿವಿ ತುರಿಸ್ಕೊಳ್ತಿದ್ದೀಯೋ?” ಅಂದಳು ಅಮ್ಮ.

“ಮತವೇ,” ಅಂದಳು ಚೂಟಿ.

ನಿಜ ಹೇಳಬೇಕೆಂದರೆ ಬೀದಿ ಈಗ ಸ್ವರ್ಗವಾಗಿತ್ತು. ನಡುರಸ್ತೆಯಲ್ಲಿ ಚಾಕ್‌ಪೀಸಿನಲ್ಲಿ ತಿಮಿಂಗಿಲ ಬರೆಯಬಹುದು, ಬಾಲ ಒಂದು ಮನೆಯ ಮುಂದೆ, ಬಾಯಿ ಇನ್ನೊಂದು ಮನೆಯ ಮುಂದೆ. ಆದರೆ ಹಗ್ಗದಾಟಕ್ಕೆ ಕಡ್ಡಿ ಬೇಕು. ಕಡ್ಡಿ ಅಂದರೆ ಹಿಂದಿನ ಬೀದಿಯ ಗೆಳತಿ. ಅವಳನ್ನು ನೋಡಿದರೆ ಆ ಹೆಸರು ಯಾಕೆ ಅಂತ ಯಾರೂ ಕೇಳುವುದಿಲ್ಲ. ಕಾರುಗಳು ಸುಂಯ್ ಅಂತ ಹೋಗುತ್ತಿದ್ದ ಕಾಲದಲ್ಲಿ ಅವಳು ದಿನವೂ ಬರುತ್ತಿದ್ದಳು, ಇಬ್ಬರೂ ಫುಟ್‌ಪಾತಿನ ಅಂಚಿನಲ್ಲೇ ಆಡುತ್ತಿದ್ದರು. ಈಗ ಇಡೀ ಬೀದಿ ಖಾಲಿ ಬಿದ್ದಿರುವಾಗ ಅವಳ ಪತ್ತೆಯಿಲ್ಲ. ಚೂಟಿ ಹಗ್ಗದ ಒಂದು ತುದಿಯನ್ನು ತೊಟ್ಟಿಯ ಗಿಡಕ್ಕೆ ಕಟ್ಟಿ ನೋಡಿದಳು. ಗಿಡ ಹಗ್ಗ ತಿರುಗಿಸಲಿಲ್ಲ, ಮುರಿದುಹೋಯಿತು.

ಸ್ಕೂಲಿನಲ್ಲಿ ಕೇಳಿದಾಗ ಕಡ್ಡಿ ಹೇಳಿದ್ದು ಎರಡೇ ಮಾತು. ಅಮ್ಮ ಬಿಡಲ್ಲ.

“ಕಾರಿದ್ದಾಗ ಬಿಡ್ತಿದ್ರು, ಕಾರಿಲ್ಲದಾಗ ಬಿಡಲ್ವಾ?” ಅಂದಿದ್ದಳು ಚೂಟಿ. “ಸುಳ್ಳು ಹೇಳೋಕೂ ಸ್ವಲ್ಪ ತಲೆ ಬೇಕು ಕಣೇ.”

ಕಡ್ಡಿ ಬ್ಯಾಗ್ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಳು. ಅಂದಿನಿಂದ ಅಲ್ಲೇ ಕೂರುತ್ತಾಳೆ. ಚೂಟಿಯ ಪಕ್ಕದಲ್ಲಿ ಈಗ ಚೂಟಿಯ ಬ್ಯಾಗೇ ಕೂರುತ್ತದೆ.

ಭಾನುವಾರ ಸಂಜೆ ಬೀದಿಯ ನಡುವೆಯೇ ಸಭೆ. ಮನೆಮನೆಯಿಂದ ಕುರ್ಚಿ ಬಂದವು, ಒಬ್ಬರು ಮಂಚವನ್ನೇ ತಂದರು. ಅಜ್ಜ ಅಧ್ಯಕ್ಷ. ಎದುರಿಗೆ ಮೂಲೆ ಅಂಗಡಿಯ ಟೈಲರಮ್ಮ, ಕುತ್ತಿಗೆಯಲ್ಲಿ ಅಳತೆ ಟೇಪು ಸಮೇತ.

ಟೈಲರಮ್ಮನೂ ಅಜ್ಜನೂ ಒಂದೇ ಪಕ್ಷದವರು. ಹಿಂದೆ ಮೆರವಣಿಗೆಗಳಿಗೆ ಕೆಂಪು ಬಾವುಟ ಹೊಲಿಯುತ್ತಿದ್ದದ್ದು ಅವರು, ಹಿಡಿದು ನಡೆಯುತ್ತಿದ್ದದ್ದು ಅಜ್ಜ. ಚೆನ್ನಾಗಿದ್ದಾಗ ಇಬ್ಬರೂ ಅಣ್ಣ, ತಂಗಿ ಅನ್ನುತ್ತಾರೆ. ಜಗಳ ಬಂದಾಗ ಮಾತ್ರ ಕಾಮ್ರೇಡ್ ಅನ್ನುತ್ತಾರೆ. ಅಂದು ಸಭೆ ಶುರುವಾಗುತ್ತಲೇ ಕಾಮ್ರೇಡ್ ಶುರುವಾಯಿತು.

ಬೀದಿ ಮುಚ್ಚುವುದೇ ನಿಜವಾದ ಸಮತೆ ಅಂತ ಅಜ್ಜ. ಕಾರು ಕೊಳ್ಳಲಾಗದವರ ಮಕ್ಕಳಿಗೆ ಪಾರ್ಕಿಲ್ಲ, ಮೈದಾನವಿಲ್ಲ, ಬೀದಿಯಾದರೂ ಇರಲಿ. ಇದೆಲ್ಲ ಉಳ್ಳವರ ಶೋಕಿ ಅಂತ ಟೈಲರಮ್ಮ. ಬೀದಿ ಚೆಂದವಾದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಮೊದಲು ಖಾಲಿ ಮಾಡುವುದು ದುಡಿಯುವ ಜನ.

“ಕಾರುಗಳೇನು ಆವಿಯಾಗಿ ಹೋದ್ವಾ ಕಾಮ್ರೇಡ್? ಹಿಂದಿನ ಬೀದಿಗೆ ಹೋದವು. ಅಲ್ಲಿರೋರು ಯಾರು, ರಾಜ ಮಹಾರಾಜರಾ?”

“ಸ್ವಲ್ಪ ದಿನ ಕಷ್ಟ ಆಗುತ್ತೆ ಕಾಮ್ರೇಡ್. ಆಮೇಲೆ ಕಾರೇ ಕಡಿಮೆ ಆಗ್ತವೆ. ಅವರ ಒಳ್ಳೇದಕ್ಕೂ ಇದೇ ದಾರಿ.”

“ಅವರ ಒಳ್ಳೇದು ನನಗೆ ಗೊತ್ತು.”

“ನನಗೆ ನಿನಗಿಂತ ಮೊದಲೇ ಗೊತ್ತು.”

ಹೀಗೆ ಹಿಂದಿನ ಬೀದಿಯವರ ಒಳಿತನ್ನು ಇಬ್ಬರೂ ಆ ಕಡೆಯಿಂದ ಈ ಕಡೆಯಿಂದ ಎಳೆದಾಡಿದರು. ಮಂಚ ತಂದವರು ಮಂಚದ ಮೇಲೆ ಒರಗಿದರು. ಕೊನೆಗೆ ಅಜ್ಜ, ಇನ್ನು ಮಕ್ಕಳ ಪರವಾಗಿ ಚೂಟಿ ಮಾತಾಡುತ್ತಾಳೆ ಅಂದ. ಬೆಳಗಿನಿಂದ ಅವನೇ ಬಾಯಿಪಾಠ ಮಾಡಿಸಿದ್ದ.

ಚೂಟಿ ಕುರ್ಚಿ ಹತ್ತಿ ನಿಂತಳು. ಬೀದಿ ಮಕ್ಕಳದ್ದು, ಆಟ ಮಕ್ಕಳ ಹಕ್ಕು, ಅಲ್ಲಿಯವರೆಗೆ ಸಲೀಸಾಗಿ ಬಂತು. ಆಮೇಲಿನದು ಮರೆತೇಹೋಯಿತು. ಮರೆತಾಗ ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬಂತು.

“ನನ್ನದೊಂದು ಠರಾವಿದೆ. ಕಡ್ಡಿ ನಾಳೆಯಿಂದ ನನ್ನ ಜೊತೆ ಆಡೋಕೆ ಬರಬೇಕು. ಒಪ್ಪಿಗೆ ಇರೋರು ಕೈ ಎತ್ತಿ.”

ಸಭೆ ಗೊಳ್ಳೆಂದಿತು. ಒಂದೆರಡು ಕೈ ಎದ್ದೂ ಬಿಟ್ಟವು. ಟೈಲರಮ್ಮ ಮಾತ್ರ ನಗದೆ ತಿಳಿಹೇಳಿದರು.

“ಹಾಗೆಲ್ಲ ಆಗಲ್ಲಮ್ಮ. ಅವಳು ಇಲ್ಲೇ ಇಲ್ಲ. ಅವಳನ್ನ ಒಂದು ಮಾತೂ ಕೇಳದೆ, ಅವಳ ಬಗ್ಗೆ ನಾವು ಕೈ ಎತ್ತಿದ್ರೆ ಅದು...”

ಅಷ್ಟಕ್ಕೇ ಟೈಲರಮ್ಮನ ಮಾತು ನಿಂತಿತು. ಅಜ್ಜ ಅವರ ಮುಖ ನೋಡಿದ. ಅವರು ಅಜ್ಜನ ಮುಖ ನೋಡಿದರು.

“ಮುಗಿಸಿ ಟೈಲರಮ್ಮ,” ಅಂದಳು ಅಮ್ಮ ಹಿಂದಿನ ಸಾಲಿನಿಂದ. ಅವಳ ದನಿಯಲ್ಲಿ ನಗು ತುಳುಕುತ್ತಿತ್ತು. “ಹಿಂದಿನ ಬೀದಿಯವರನ್ನ ಯಾರು ಕರೆದಿದ್ದೀರಿ? ಮಾವ, ನೀವಾ?”

ಅಜ್ಜ ಗಂಟಲು ಸರಿಮಾಡಿಕೊಂಡ. ಭಾಷಣ ಬರಲಿಲ್ಲ. ಡಿಪೋದಲ್ಲಿ ರಾತ್ರಿ ಪಾಳಿಯ ಒಬ್ಬನಿಗೆ ಸುದ್ದಿ ಮುಟ್ಟದಿದ್ದರೂ ಸಭೆಯನ್ನೇ ನಿಲ್ಲಿಸುತ್ತಿದ್ದ ಮನುಷ್ಯ. ಕಿವಿ ಮೆಲ್ಲಗೆ ಕೆಂಪಾಯಿತು. “ಇವಳು ಕರೆದಿರ್ತಾಳೆ ಅಂದ್ಕೊಂಡೆ,” ಅಂದ, ಟೈಲರಮ್ಮನತ್ತ ಕೈ ತೋರಿಸಿ. ಅವರು ಕುತ್ತಿಗೆಯ ಟೇಪು ತೆಗೆದು, ಯಾರದೂ ಅಲ್ಲದ ಅಳತೆಯೊಂದನ್ನು ಗಾಳಿಯಲ್ಲಿ ತೆಗೆದುಕೊಳ್ಳತೊಡಗಿದರು.

ಸಭೆ ಮುಂದಕ್ಕೆ ಹೋಯಿತು. ಎರಡೂ ಬೀದಿಯವರು ಕೂಡಿ ಮತ್ತೆ ಸೇರುವುದು ಅಂತಾಯಿತು. ಕತ್ತಲಾಗುವ ಮೊದಲೇ ಕರೆದು ಬರೋಣ ಅಂತ ಅಜ್ಜ ಚಪ್ಪಲಿ ಮೆಟ್ಟಿದ. ಚೂಟಿ ಬೆನ್ನುಹತ್ತಿದಳು.

ಹಿಂದಿನ ಬೀದಿಗೆ ಅವಳು ಹೋಗುತ್ತಿದ್ದದ್ದೇ ಅಪರೂಪ. ಅಲ್ಲೇನಿದೆ, ಟಯರ್ ಅಂಗಡಿ, ಗೋಡೌನು. ಯಾವಾಗಲೂ ಕಡ್ಡಿಯೇ ಬರುತ್ತಿದ್ದಳು. ಈಗ ತಿರುವಿಗೆ ಬಂದು ನಿಂತರೆ, ಕಾರಿನ ಹಿಂದೆ ಕಾರು, ಅದರ ಹಿಂದೆ ಲಾರಿ, ಸಂದಿಯಲ್ಲಿ ಸ್ಕೂಟರು. ಕಡ್ಡಿಯ ಮನೆ ಎದುರಿಗೇ ಇತ್ತು. ಅದನ್ನು ಮುಟ್ಟುವುದು ಹೇಗೆ?

ಅಜ್ಜ ಬಲಗೈ ಮೇಲೆತ್ತಿದ. ಒಂದು ಕಾಲದಲ್ಲಿ ಈ ಕೈ ಎದ್ದರೆ ಡಿಪೋದ ಬಸ್ಸುಗಳೆಲ್ಲ ನಿಲ್ಲುತ್ತಿದ್ದವಂತೆ. ಇಂದು ಒಂದು ಸ್ಕೂಟರೂ ನಿಲ್ಲಲಿಲ್ಲ. ಅಜ್ಜ ಕೈ ಇಳಿಸಿದ. ಇಬ್ಬರೂ ಕಾದರು. ಒಂದು ಹೆಜ್ಜೆ ಇಟ್ಟರು, ಹಿಂದೆ ಸರಿದರು. ಚೂಟಿ ತನಗೆ ಗೊತ್ತಿಲ್ಲದಂತೆಯೇ ಅಜ್ಜನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೊನೆಗೆ ಸಾಲು ಕಡಿದಾಗ ಓಡಿ ದಾಟಿದರು.

ಕಡ್ಡಿಯ ಅಮ್ಮ ಹೋಟೆಲಿನ ಬಿಳಿ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಧೂಳು ಕೂರಬಾರದೆಂದು ಕಿಟಕಿ ಮುಚ್ಚಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಅಜ್ಜ ಬಂದ ವಿಷಯ ಹೇಳಿದ.

“ಕಾರುಗಳನ್ನ ಮೊದಲು ಕಳಿಸಿದ್ರಿ, ನೀವು ಈಗ ಬಂದ್ರಿ,” ಅಂದರು ಅವರು. ಆದರೂ ಬಟ್ಟೆಯ ಗಂಟು ಸರಿಸಿ ಅಜ್ಜನಿಗೆ ಜಾಗ ಮಾಡಿದರು. “ಕೂತ್ಕೊಳ್ಳಿ ಅಣ್ಣ. ಸಭೇಲಿ ನನಗೂ ಹೇಳೋದಿದೆ, ತುಂಬಾ ಇದೆ.”

ಚೂಟಿ ಹೊರಗೆ ಮೆಟ್ಟಿಲ ಮೇಲೆ ಕಡ್ಡಿಯ ಪಕ್ಕ ಕೂತಳು. ಇಬ್ಬರ ನಡುವೆ ಎರಡು ಲೋಟ ಶರಬತ್ತು. ಕಡ್ಡಿ ಏನೋ ಹೇಳಲು ಬಾಯಿ ತೆರೆದಳು. ಲಾರಿಯೊಂದು ಬಂತು. ಅವಳು ಮಾತು ನಿಲ್ಲಿಸಿ, ಅಂಗೈಯನ್ನು ತನ್ನ ಲೋಟದ ಮೇಲೆ ಮುಚ್ಚಿ, ಲಾರಿ ಹೋಗುವವರೆಗೆ ಸುಮ್ಮನೆ ಕಾದಳು. ಚೂಟಿಯ ಶರಬತ್ತಿನ ಮೇಲೆ ಧೂಳಿನ ತೆಳು ಪದರ ತೇಲಿತು.

“ಅಮ್ಮ ಬಿಡಲ್ಲ ಅಂದಿದ್ನಲ್ಲ,” ಅಂದಳು ಕಡ್ಡಿ, ನಿಲ್ಲಿಸಿದ ಮಾತನ್ನು ಎತ್ತಿಕೊಳ್ಳುವವಳ ಹಾಗೆ.

ಚೂಟಿ ರಸ್ತೆ ನೋಡಿದಳು. “ನಾನು ನಿಮ್ಮಮ್ಮ ಆಗಿದ್ರೂ ಬಿಡ್ತಿರಲಿಲ್ಲ,” ಅಂದಳು.

ಕಡ್ಡಿ ಬಗ್ಗಿ, ಬಿಟ್ಟುಹೋಗಿದ್ದ ಚಪ್ಪಲಿಯ ಪಟ್ಟಿಯನ್ನು ತೂತಿಗೆ ಸಿಕ್ಕಿಸುತ್ತಿದ್ದಳು. ಎರಡೂ ಕೈಗೆ ಕೆಲಸ. ತಿರುವಿನಲ್ಲಿ ಇನ್ನೊಂದು ಲಾರಿಯ ಸದ್ದು ಕೇಳಿಸಿತು. ಚೂಟಿ ಒಂದು ಅಂಗೈಯನ್ನು ತನ್ನ ಲೋಟದ ಮೇಲೆ, ಇನ್ನೊಂದನ್ನು ಕಡ್ಡಿಯ ಲೋಟದ ಮೇಲೆ ಮುಚ್ಚಿ ಕೂತಳು.