ಎರಡನೇ ಎಡೆ

1998ರ ಸೆಪ್ಟೆಂಬರ್ 16, ಬುಧವಾರ, ಮಧ್ಯಾಹ್ನ 3.20. ಯಲ್ಲಾಪುರ ಠಾಣೆಗೆ ಡೆನ್ಮಾರ್ಕಿನ ಕಾರಿನ್ ಹೋಲ್ಮ್ ಎಂಬ ಅರವತ್ತೊಂದು ವರ್ಷದ ಮಹಿಳೆ ಬರಿಗೈಯಲ್ಲಿ ಬಂದರು. ಅವರ ಇಂಗ್ಲಿಷನ್ನು ಹೈಸ್ಕೂಲ್ ಶಿಕ್ಷಕಿ ವೇದಾ ಕನ್ನಡದಲ್ಲಿ ಹೇಳಿದರು. ಪಿಎಸ್‌ಐ ಮಧುಕೇಶ್ವರ ಬರೆದುಕೊಂಡರು.

ಬಸ್ ನಿಲ್ದಾಣದಲ್ಲಿ ಒಬ್ಬ ಟ್ಯಾಕ್ಸಿ ಚಾಲಕ, ಮಾಗೋಡು ಜಲಪಾತಕ್ಕೆ ಬಸ್ಸು ರದ್ದಾಗಿದೆ ಎಂದಿದ್ದ. ಅದು ಸುಳ್ಳು. ಬಿಳಿ ಅಂಬಾಸಿಡರ್‌ನಲ್ಲಿ ಕರೆದೊಯ್ದು, ಜಲಪಾತದ ಹತ್ತಿರ ಮಂಗಗಳು ಚೀಲ ಕಸಿಯುತ್ತವೆ, ಕಾರಿನಲ್ಲೇ ಇರಲಿ ಎಂದಿದ್ದ. ಆಕೆ ನೀರು ನೋಡಿ ಮರಳುವಷ್ಟರಲ್ಲಿ ಕಾರಿರಲಿಲ್ಲ.

"ಪಾಸ್‌ಪೋರ್ಟ್, ಕ್ಯಾಮೆರಾ. ಇನ್ನೇನಿತ್ತು?"

ಉತ್ತರ ಕೇಳಿದ ವೇದಾ ಅದನ್ನೇ ಆಕೆಯಲ್ಲಿ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು.

"ಎಂತ ಟೀಚರ್?"

"ಒಂದು ತಗಡಿನ ಡಬ್ಬಿ, ಸಾರ್. ಗಂಡನ ಬೂದಿ. ಮೂವತ್ತು ವರ್ಷದ ಹಿಂದೆ ಇಬ್ಬರೂ ಇಲ್ಲಿಗೆ ಬಂದಿದ್ರಂತೆ. ಈ ನೀರಿಗೇ ಬಿಡು ಅಂತ ಹೇಳಿ ಸತ್ತರಂತೆ. ಇಪ್ಪತ್ನಾಲ್ಕಕ್ಕೆ ಇವರ ವಿಮಾನ. ಉಳಿದದ್ದು ಸಿಗದಿದ್ರೂ ಚಿಂತೆಯಿಲ್ಲ ಅಂತಾರೆ."

ಕಳವು, ವಂಚನೆಗೆ ಐಪಿಸಿ 379, 420ರಡಿ ಎಫ್‌ಐಆರ್ ದಾಖಲಾಯಿತು. ಕಾರು ಹತ್ತುವ ಮೊದಲು ಆಕೆ ನಂಬರ್ ಬರೆದಿಟ್ಟುಕೊಂಡಿದ್ದರು. ಮರುದಿನ ಶಿರಸಿ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದಾಗ ಅದು ಯಾರದೋ ಸ್ಕೂಟರಿನ ನಂಬರ್ ಎಂದು ತಿಳಿಯಿತು.

ಉಳಿದ ಸುಳಿವು ಒಂದೇ: ಚಾಲಕ ಇಂಗ್ಲಿಷ್ ಮಾತಾಡಿದ್ದ. ಹೆಡ್ ಕಾನ್‌ಸ್ಟೇಬಲ್ ಜಟ್ಟಪ್ಪ ಎರಡು ದಿನ ಟ್ಯಾಕ್ಸಿ ಸ್ಟ್ಯಾಂಡುಗಳನ್ನು ಸುತ್ತಿದ. ಸಿದ್ದಾಪುರದಲ್ಲಿ ಒಬ್ಬ ಚಾಲಕ ನಕ್ಕ.

"ಕಾನಸೂರಿನ ಉದಯ ಇರ್ಬೇಕು, ಸಾಹೇಬ್ರೇ. ಮಸ್ಕತ್‌ಗೆ ಹೋಗಿ ಬಂದವ. ನಮಗೆ ಬೈಯೋದೂ ಇಂಗ್ಲಿಷಲ್ಲೇ. ನಾಲ್ಕು ದಿನ ಆಯ್ತು, ಸ್ಟ್ಯಾಂಡಿಗೆ ಬರ್ಲಿಲ್ಲ."

ಸೆಪ್ಟೆಂಬರ್ 20, ಭಾನುವಾರ, ಮಹಾಲಯ ಅಮಾವಾಸ್ಯೆ. ಸಿದ್ದಾಪುರ ಠಾಣೆಗೆ ತಿಳಿಸಿ, ಮಧ್ಯಾಹ್ನ 12.40ಕ್ಕೆ ಮಧುಕೇಶ್ವರ, ಜಟ್ಟಪ್ಪ ಇಬ್ಬರೂ ಉದಯನ ಮನೆ ಸೇರಿದರು. ಅಂಗಳದಲ್ಲಿ ಬಿಳಿ ಅಂಬಾಸಿಡರ್. ಅದರ ನಂಬರ್ ಬೇರೆ, ದಾಖಲೆಗಳೂ ಸರಿ. ಒಳಗೆ ಹಿಂಬದಿ ನೋಡುವ ಕನ್ನಡಿಯನ್ನು ಮಾತ್ರ ಚಾವಣಿಯ ಕಡೆ ತಿರುಗಿಸಲಾಗಿತ್ತು.

"ಬುಧವಾರ ಎಲ್ಲಿದ್ದೆ?" ಮಧುಕೇಶ್ವರ ಉದಯನನ್ನು ಕೇಳಿದರು.

"ಮನೇಲಿ. ಜ್ವರ."

ಜಟ್ಟಪ್ಪ ಉದಯನ ತಾಯಿ ದುರ್ಗಮ್ಮನಲ್ಲಿ ನೀರು ಕೇಳಿ ಜಗಲಿ ದಾಟಿದ. ಒಳಗೆ ಉದಯನ ತಂದೆಯ ಫೋಟೋ, ಅದರ ಮುಂದೆ ಹಿರಿಯರಿಗೆ ಬಡಿಸಿದ ಎಡೆ. ಪಕ್ಕದಲ್ಲಿ ಇನ್ನೊಂದು ಬಾಳೆ ಎಲೆ. ಅದರ ಮೇಲೆ ನಾಲ್ಕು ತುಂಡು ಬ್ರೆಡ್, ಒಂದು ಲೋಟ ಚಾ.

"ದುರ್ಗಮ್ಮ, ಇದು ಯಾರಿಗೆ?"

"ಯಾರೋ ದಿಕ್ಕಿಲ್ಲದವರಿಗಂತೆ. ಮಗನೇ ಇಡು ಅಂದ. ಅವರಿಗೆ ನಮ್ಮ ಅನ್ನ ಸೇರೂದಿಲ್ವಂತೆ." ತಾಯಿ ಸೆರಗು ಸರಿಮಾಡಿಕೊಂಡಳು. "ನಾಲ್ಕು ದಿನದಿಂದ ಅವ ಕಣ್ಣು ಮುಚ್ಚಲಿಲ್ಲ, ಅಣ್ಣಾ."

ಜಟ್ಟಪ್ಪ ಹೊರಗೆ ಬಂದು ಬ್ರೆಡ್ಡಿನ ಎಡೆಯ ವಿಷಯವನ್ನು ಪಿಎಸ್‌ಐ ಕಿವಿಯಲ್ಲಿ ಹೇಳಿದ. ಮಧುಕೇಶ್ವರ ಒಂದೇ ಪ್ರಶ್ನೆ ಕೇಳಿದರು.

"ಡಬ್ಬಿ ಎಲ್ಲಿ?"

ಉದಯ ಫೋಟೋದ ಹಿಂದೆ ಕೈ ಹಾಕಿದ. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಚೀಲ, ಪಾಸ್‌ಪೋರ್ಟ್, ಕ್ಯಾಮೆರಾ, ಸುಳ್ಳು ನಂಬರ್ ಫಲಕ, ಡಬ್ಬಿ. 2.15ಕ್ಕೆ ಬಂಧನ.

ಹೇಳಿಕೆ ಕೊಡುವಾಗ ಅವನು ತಲೆ ಎತ್ತಲಿಲ್ಲ.

"ಅಪ್ಪ ಸತ್ತಾಗ ನಾನು ಮಸ್ಕತ್‌ನಲ್ಲಿದ್ದೆ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿದೆ. ಚೀಲ ಇಲ್ಲೇ ಇರ್ಲಿ, ಯಾವ ಬಾಗಿಲು ಅಂತ ಕೇಳ್ಕಂಡು ಬಾ ಅಂದ ಡ್ರೈವರ್. ಬರೂದ್ರೊಳಗೆ ಕಾರಿಲ್ಲ. ಪಾಸ್‌ಪೋರ್ಟ್ ಅದರಲ್ಲೇ. ಊರು ಮುಟ್ಟುವಾಗ ನಲವತ್ತು ದಿನ. ಅಪ್ಪನ ಬೂದಿಯನ್ನೂ ನಾನು ನೋಡಲಿಲ್ಲ."

"ಅದಕ್ಕೆ ಈ ಹೆಂಗಸು ಎಂತ ಮಾಡಿದ್ರು?"

"ಎಂತದೂ ಇಲ್ಲ. ನನಗೆ ಮಾಡಿದ್ದನ್ನ ಯಾರಿಗಾದ್ರೂ ಮಾಡ್ಬೇಕು ಅಂತ ಎರಡು ವರ್ಷದಿಂದ ತಲೇಲಿತ್ತು. ಅವತ್ತೇ ವಾಪಸ್ ಬರುವಾಗ ಕನ್ನಡಿ ನೋಡಿದೆ. ಹಿಂದಿನ ಸೀಟಲ್ಲಿ ಯಾರೋ ಕೂತಿದ್ರು. ಮನೇಲಿ ಡಬ್ಬಿ ತೆಗೆದ್ಮೇಲೆ ಅದು ಯಾರು ಅಂತ ಗೊತ್ತಾಯ್ತು. ಎಸೆದ್ರೆ ಅವ ಎಲ್ಲಿಗೆ ಹೋಗ್ಬೇಕು, ಸಾರ್?"

ಡಬ್ಬಿಯೂ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ವಸ್ತು; ನ್ಯಾಯಾಲಯದ ಆದೇಶವಿಲ್ಲದೆ ಕೊಡುವಂತಿರಲಿಲ್ಲ. ಮಧುಕೇಶ್ವರ ಸೋಮವಾರವೇ ಅರ್ಜಿ ಹಾಕಿಸಿದರು. ಆದೇಶ ಮಂಗಳವಾರ ಸಂಜೆ ಬಂತು. ಬುಧವಾರ ಬೆಳಿಗ್ಗೆ ಕಾರಿನ್ ಹೋಲ್ಮ್ ಮಾಗೋಡಿನಲ್ಲಿ ಧುಮುಕುವ ಬೇಡ್ತಿ ನದಿಯ ದಂಡೆಯಲ್ಲಿ ಡಬ್ಬಿ ತೆರೆದರು. ಬ್ರೆಡ್ಡಿನ ಸಂಗತಿಯನ್ನು ವೇದಾ ಹೇಳಿದರು. ಕಾರಿನ್ ಆ ತಾಯಿಯ ಹೆಸರು ಕೇಳಿ, ಬರೆದುಕೊಂಡರು.

ಗುರುವಾರ ಬೆಳಿಗ್ಗೆ ಜಪ್ತಿಯಾದ ಅಂಬಾಸಿಡರನ್ನು ಠಾಣೆಯ ಹಿಂದಿನ ಶೆಡ್ಡಿಗೆ ಸೇರಿಸಬೇಕಿತ್ತು. ಜಟ್ಟಪ್ಪ ಕೂತು ಕನ್ನಡಿ ನೆಟ್ಟಗೆ ಮಾಡಿ, ಕಾರನ್ನು ಹಿಂದಕ್ಕೆ ತೆಗೆದುಕೊಂಡ. ಹಿಂದಿನ ಸೀಟು ಖಾಲಿ ಇತ್ತು. ಆದರೂ ಇಳಿಯುವ ಮೊದಲು ಕನ್ನಡಿಯನ್ನು ಮತ್ತೆ ಚಾವಣಿಯ ಕಡೆ ತಿರುಗಿಸಿಟ್ಟ.