ಮಲಗಿ ಹೋಗುವ ಸೀಟು

“ಮೇಡಂ, ನಿಮ್ಮ ಬಿಲ್ ನಾನು ಕಟ್ಲಾ?”

ಶಿವಾಜಿನಗರದ ಅಹ್ಮದ್ ಪಾಷಾರ ಅಂಗಡಿಯಲ್ಲಿ ವಾಷಿಂಗ್ ಮಷೀನಿನ ಬಿಲ್ಲಿಗೆ ಕಾಯುತ್ತ ನಿಂತಿದ್ದ ರಂಜನಾ ತಿರುಗಿ ನೋಡಿದಳು. ಕೈಯಲ್ಲಿ ಹೆಲ್ಮೆಟ್, ಬೆಳಗಿನ ಇಸ್ತ್ರಿಯೆಲ್ಲ ಹೋಗಿ ಮುದುಡಿದ ಅಂಗಿ, ನಲವತ್ತರ ಆಸುಪಾಸಿನ ಮುಖ. ಕಣ್ಣಿನ ಕೆಳಗೆ ಯಾರೋ ಹೆಬ್ಬೆರಳಿನಿಂದ ಒತ್ತಿದಂಥ ಕಪ್ಪು.

“ಯಾಕ್ರೀ? ನಾನೇನು ನಿಮ್ಮ ಸೋದರಮಾವನ ಮಗಳಾ?”

“ಅಯ್ಯೋ, ಹಾಗಲ್ಲ. ನಾನು ನನ್ನ ಕ್ರೆಡಿಟ್ ಕಾರ್ಡ್ ಉಜ್ಜ್ತೀನಿ, ನೀವು ಅಷ್ಟೇ ದುಡ್ಡು ನನ್ನ ಅಕೌಂಟಿಗೆ ಹಾಕಿ. ನಿಮಗೇನೂ ಲಾಸ್ ಇಲ್ಲ. ನನಗೆ ಪಾಯಿಂಟ್ಸ್ ಬರುತ್ತೆ. ಪಾಯಿಂಟ್ಸ್ ಕೊಟ್ರೆ ಏರ್‌ಲೈನ್‌ನೋರು ಮೈಲ್ಸ್ ಕೊಡ್ತಾರೆ. ಮೈಲ್ಸ್ ಇದ್ರೆ ಟಿಕೆಟ್.”

ಇದನ್ನು ಅವನು ಬೇಡುವವನಂತೆಯೂ ಹೇಳಲಿಲ್ಲ, ವಂಚಿಸುವವನಂತೆಯೂ ಹೇಳಲಿಲ್ಲ. ಬಹಳ ಸಲ ಹೇಳಿ ದಣಿದವನಂತೆ ಹೇಳಿದ.

ಕೌಂಟರಿನ ಹಿಂದಿದ್ದ ಪಾಷಾ ನಕ್ಕರು. “ಕಳ್ಳ ಅಲ್ಲಮ್ಮಾ ಅವನು. ಸಮರ್ಥ್ ಅಂತ. ಪ್ಲೇನ್ ಹುಚ್ಚು, ಅಷ್ಟೇ. ಇವನು ಒಂದೊಂದ್ಸಲ ಕಾರ್ಡ್ ಉಜ್ಜಿದಾಗ್ಲೂ ಬ್ಯಾಂಕ್‌ನೋರು ನನ್ನ ಹತ್ರ ಕಮಿಷನ್ ಹಿಡೀತಾರೆ. ಆದ್ರೂ ಬಿಡ್ತೀನಿ. ಏನ್ ಮಾಡೋದು, ಮೋರೆ ನೋಡಿದ್ರೆ ಪಾಪ ಅನ್ಸುತ್ತೆ.”

ರಂಜನಾಗೆ ವಾದಿಸುವ ಉತ್ಸಾಹವಿರಲಿಲ್ಲ. ಅವಳು ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ವಿಭಾಗದಲ್ಲಿದ್ದಳು. ಬೆಳಗಿನಿಂದ ಸತ್ತವರ ಕಾಗದಪತ್ರ ನೋಡಿ, ಬದುಕಿದ್ದವರ ಅಳು ಕೇಳಿ ಬಂದಿದ್ದಳು. “ಉಜ್ಜಿ” ಅಂದಳು.

ಅವನು ಉಜ್ಜಿದ. ಅವಳು ಬಿಲ್ಲು ಎತ್ತಿಕೊಂಡು, ದುಡ್ಡು ಹಾಕದೆಯೇ ಹೊರಗೆ ನಡೆದುಬಿಟ್ಟಳು. ಯಾಕೆ ಹಾಗೆ ಮಾಡಿದಳೆಂದು ಅವಳಿಗೇ ತಿಳಿಯಲಿಲ್ಲ. ಹಿಂದಿನಿಂದ ಒಂದು ಕೂಗು ಬರುತ್ತದೆ, ಆಗ ತಿರುಗಿ ನಾಲ್ಕು ಮಾತು ಆಡಬೇಕು ಅಂದುಕೊಂಡಿದ್ದಳು. ಕೂಗು ಬರಲಿಲ್ಲ. ಹಣ್ಣಿನ ಗಾಡಿಗಳ ತನಕ ಹೋಗಿ ತಿರುಗಿ ನೋಡಿದರೆ, ಅವನು ಅಂಗಡಿ ಬಾಗಿಲಲ್ಲಿ ಫ್ರಿಜ್ಜಿನ ಖಾಲಿ ಡಬ್ಬಕ್ಕೆ ಒರಗಿ ಸುಮ್ಮನೆ ಅವಳನ್ನೇ ನೋಡುತ್ತಿದ್ದ.

ವಾಪಸು ಬಂದಳು. ಫೋನ್ ತೆಗೆದು ದುಡ್ಡು ಹಾಕಿದಳು.

“ಕೂಗ್ಲೇ ಇಲ್ವಲ್ಲ? ಅಷ್ಟು ನಂಬಿಕೆನಾ ನನ್ನ ಮೇಲೆ?”

“ನಂಬಿಕೆ ಅಲ್ಲ ಮೇಡಂ. ಓಡೋಕೆ ಶಕ್ತಿ ಇರ್ಲಿಲ್ಲ.”

ರಂಜನಾ ನಕ್ಕಳು. ಆಮೇಲೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಒಮ್ಮೆ ನಗು ಬಂತು. ಪಕ್ಕದ ಹೆಂಗಸು ಅವಳನ್ನು ವಿಚಿತ್ರವಾಗಿ ನೋಡಿದಳು.

*

ಹದಿನೈದು ದಿನವಾದ ಮೇಲೆ ಆಫೀಸಿನ ರಾಜೇಶ್ವರಿ ಫ್ರಿಜ್ ಕೊಳ್ಳಬೇಕು ಅಂದಾಗ, ರಂಜನಾ ಯೋಚಿಸದೆ ಅವತ್ತು ದುಡ್ಡು ಹಾಕಿದ್ದ ನಂಬರಿಗೆ ಮೆಸೇಜ್ ಮಾಡಿದಳು. ‘ಫ್ರಿಜ್ ಇದೆ. ಬರ್ತೀರಾ?’

ಅವನು ಬಂದ. ಕಾರ್ಡು ಉಜ್ಜಿದ. ರಾಜೇಶ್ವರಿ ಫ್ರಿಜ್ಜಿನೊಂದಿಗೆ ಟೆಂಪೋ ಹತ್ತಿ ಹೋದಳು. ಉಳಿದ ಇಬ್ಬರು ಪಕ್ಕದ ಸಣ್ಣ ಹೋಟೆಲಿನಲ್ಲಿ ಚಹಾ ಕುಡಿದರು.

ಹಾಗೆ ಶುರುವಾಯಿತು. ಇಂದಿರಾನಗರದಲ್ಲಿ ಯಾರದೋ ಸೋಫಾ. ಹಲಸೂರಿನಲ್ಲಿ ಯಾರದೋ ಮದುವೆಯ ಬೀರು. ಕೆ.ಆರ್. ಪುರದಲ್ಲಿ ಯಾರದೋ ಮಾವನಿಗೆ ಕಿವಿ ಕೇಳುವ ಮಷೀನು. ಬೇರೆಯವರ ಮನೆ ತುಂಬುತ್ತ ಹೋಯಿತು. ಇವರಿಬ್ಬರು ಬೇರೆಯವರ ಸಾಮಾನಿನ ಪಕ್ಕದಲ್ಲಿ ನಿಂತು ಮಾತಾಡಿದರು.

ಅವಳು ತನ್ನ ಮದುವೆಯ ವಿಷಯ ಹೇಳಿದಳು. ಎರಡು ವರ್ಷ ನಡೆದು ಮುಗಿದದ್ದು. ಜಗಳವಿಲ್ಲ, ಬೈಗುಳವಿಲ್ಲ, ಒಂದು ದಿನ ಇಬ್ಬರಿಗೂ ಸಾಕಾಗಿತ್ತು. ಈಗ ಜೀವನ್ ಬಿಮಾ ನಗರದ ಮನೆಯಲ್ಲಿ ಅವಳು, ತಾಯಿ ಅಮ್ಮಣ್ಣಿ.

ಅವನು ವಿಮಾನಪುರದವನು. ತಂದೆ ಯಜ್ಞನಾರಾಯಣ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ಮರುವರ್ಷ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಗಿತ್ತು. ಬೆಳಿಗ್ಗೆ ಜಟ್ಟೆಮ್ಮ ಎನ್ನುವ ಹೆಂಗಸು ಬಂದು, ಅವನು ಆಫೀಸಿನಿಂದ ಬರುವವರೆಗೂ ಇರುತ್ತಾಳೆ. ಆಮೇಲೆಲ್ಲ ಸಮರ್ಥನೇ. ರಾತ್ರಿಯಿಡೀ ಒಂದು ಸಲ ಮಗ್ಗುಲಾಗಿಸು, ಒಂದು ಸಲ ನೀರು, ಒಂದು ಸಲ ಏನೂ ಇಲ್ಲ, ಸುಮ್ಮನೆ ಇದ್ದಾನೋ ಇಲ್ಲವೋ ನೋಡಲು ‘ಸಮರ್ಥಾ’ ಎಂದು ಕೂಗು.

“ಎಲ್ಲಿಗೆ ಹೋಗ್ಬೇಕು ನಿಮಗೆ, ಇಷ್ಟೆಲ್ಲ ಮೈಲ್ಸ್ ಸೇರಿಸಿ?” ಅವಳು ಕೇಳಿದಳು.

“ಎಲ್ಲಿಗಾದ್ರೂ. ದೂರ ಇದ್ರೆ ಸಾಕು.”

“ಅಂದ್ರೆ?”

“ಬಿಸಿನೆಸ್ ಕ್ಲಾಸಲ್ಲಿ ಸೀಟು ಪೂರ್ತಿ ಹಾಸಿಗೆ ಆಗುತ್ತಂತೆ. ದಿಂಬು ಕೊಡ್ತಾರಂತೆ, ರಗ್ಗು ಹೊದಿಸ್ತಾರಂತೆ. ಎಂಟು ಗಂಟೆ ಯಾರೂ ಕರೆಯಲ್ಲ. ಫೋನ್ ಬರಲ್ಲ. ಎದ್ದು ಬಾಗಿಲು ತೆಗೆದು ಹೋಗೋಕೂ ಆಗಲ್ಲ. ನನಗೆ ಊರು ನೋಡ್ಬೇಕು ಅಂತೇನಿಲ್ಲ ರಂಜನಾ. ಮಲಗ್ಬೇಕು.”

ಅವನು ಮೊದಲ ಸಲ ‘ಮೇಡಂ’ ಬಿಟ್ಟು ಹೆಸರು ಹೇಳಿದ್ದ. ಅದು ಅವನ ಗಮನಕ್ಕೆ ಬಂದಿರಲಿಲ್ಲ. ಅವಳ ಗಮನಕ್ಕೆ ಬಂದಿತ್ತು.

ಒಂದು ಸಂಜೆ ಇಂದಿರಾನಗರದ ಹೋಟೆಲಿನಲ್ಲಿ, ಯಾವ ಕಾರ್ಡಿಗೆ ಯಾವ ಏರ್‌ಲೈನ್ ಹೊಂದುತ್ತದೆ ಎಂದು ವಿವರಿಸುತ್ತಿದ್ದವನು ಮಾತಿನ ನಡುವೆಯೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋದ. ಬಾಯಿ ಸ್ವಲ್ಪ ತೆರೆದಿತ್ತು. ಬೆರಳುಗಳು ಲೋಟದ ಸುತ್ತ ಹಾಗೇ ಇದ್ದವು. ರಂಜನಾ ಆ ಲೋಟವನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟಳು. ಬೆರಳಿಗೆ ಬೆರಳು ತಾಗಿತು. ಅವನು ಎಚ್ಚರವಾಗಲಿಲ್ಲ. ಮಾಣಿ ಬಂದು ಎರಡು ಸಲ ದುರುಗುಟ್ಟಿ ನೋಡಿದ. ಟೇಬಲ್ ಬಿಡಬಾರದೆಂದು ಅವಳು ಒಂದರ ಮೇಲೊಂದು ಕಾಫಿ ತರಿಸಿದಳು. ಎದುರಿಗೆ ಕೂತು ಅವನ ರೆಪ್ಪೆಗಳನ್ನು ನೋಡಿದಳು. ಗಂಡಸಿನ ಮುಖವನ್ನು ಅಷ್ಟು ಹೊತ್ತು, ಅಷ್ಟು ಧಾರಾಳವಾಗಿ ಅವಳು ಎಂದೂ ನೋಡಿರಲಿಲ್ಲ.

ಎದ್ದವನು ನಾಚಿ ಕೆಂಪಾದ. “ಸಾರಿ ರೀ. ಗೊರಕೆ ಹೊಡೆದ್ನಾ?”

“ಇಲ್ಲ,” ಅವಳು ಸುಳ್ಳು ಹೇಳಿದಳು.

ಕೊಳ್ಳುವವರು ಯಾರೂ ಸಿಗದ ತಿಂಗಳು ರಂಜನಾ ತಾನೇ ಮಿಕ್ಸಿ ಕೊಂಡಳು. ಇನ್ನೊಂದು ತಿಂಗಳು ಇನ್ನೊಂದು. ಅಮ್ಮಣ್ಣಿ ಅಡುಗೆಮನೆಯ ಅಟ್ಟ ನೋಡಿ, ಮಗಳ ಮುಖ ನೋಡಿ ಕೇಳಿದರು. “ಮನೇಲಿರೋರು ಇಬ್ರು. ಮಿಕ್ಸಿ ಮೂರು. ಯಾರೇ ಅವನು?”

*

ಆಮೇಲೆ ಏರ್‌ಲೈನಿನವರ ಮೇಲ್ ಬಂತು. ಮುಂದಿನ ತಿಂಗಳಿನಿಂದ ಅದೇ ಟಿಕೆಟ್ಟಿಗೆ ಎರಡರಷ್ಟು ಮೈಲ್ಸ್ ಬೇಕು.

ಸಮರ್ಥ ಅದನ್ನು ಪಾಷಾರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳಿಗೆ ತೋರಿಸಿದ. ಮುಖ ಬಿಳಿಚಿತ್ತು. ವರ್ಷಗಟ್ಟಲೆ ಸೇರಿಸಿದ್ದರ ಬೆಲೆ ಒಂದು ಪತ್ರದಿಂದ ಅರ್ಧವಾಗುವುದರಲ್ಲಿತ್ತು.

“ಹಂಗಾದ್ರೆ ಈಗ್ಲೇ ಬುಕ್ ಮಾಡಿ,” ಅವಳು ಹೇಳಿದಳು. “ಇನ್ನೂ ಯಾಕೆ ಕಾಯ್ತೀರಾ? ಎಷ್ಟು ವರ್ಷದಿಂದ ಕಾಯ್ತಾನೇ ಇದೀರಾ.”

“ಅಪ್ಪ?”

“ನಿಮ್ಮ ತಂಗಿ ಇದಾರಲ್ಲ?”

ತುಮಕೂರಿನಲ್ಲಿದ್ದ ತಂಗಿ ಹೇಮಶ್ರೀ ಒಂದು ವಾರ ಬಂದಿರಲು ಒಪ್ಪಿದಳು. ಮರುದಿನ ಅವನ ಮೆಸೇಜ್ ಬಂತು. ‘ಟೋಕಿಯೊ. ಬಿಸಿನೆಸ್ ಕ್ಲಾಸ್. ಒಂದು ಸೀಟು. ಆಯ್ತು!’

ರಂಜನಾ ಚಪ್ಪಾಳೆಯ ಗುರುತು ಕಳಿಸಿದಳು. ಫೋನ್ ಮಗುಚಿಟ್ಟಳು. ‘ಒಂದು’ ಎನ್ನುವ ಆ ಪದ ಮೇಜಿನ ಮೇಲೆ ಬಿದ್ದಿದ್ದ ಫೈಲಿನಲ್ಲೂ ಕಂಡಿತು. ಅವನು ಯಾವತ್ತೂ ಏನೂ ಹೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ಹಾಗಿದ್ದ ಮೇಲೆ ಎರಡು ಇರಲಿ ಎಂದು ಮನಸ್ಸು ಯಾವಾಗ ಅಂದುಕೊಂಡಿತೋ. ಆಸೆಪಡುವುದೂ ಎಂಥ ದುಡಿಮೆ ಎಂದು ಅವಳಿಗೆ ಅನಿಸಿತು. ಆವತ್ತು ತಲೆನೋವು ಅಂತ ಬೇಗ ಮನೆಗೆ ಹೋದಳು.

ವೀಸಾ ಬಂತು. ಹೊರಡಲು ನಾಲ್ಕು ದಿನವಿದ್ದಾಗ ಹೇಮಶ್ರೀಯ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಅವಳು ಬರುವಂತಿರಲಿಲ್ಲ.

ಸಮರ್ಥ ಫೋನ್ ಮಾಡಿದ. ದನಿಯಲ್ಲಿ ದುಃಖ ಇರಲಿಲ್ಲ, ಅದೇ ಹಳೆಯ ಸುಸ್ತು. “ಕ್ಯಾನ್ಸಲ್ ಮಾಡ್ತೀನಿ. ಮೈಲ್ಸ್ ವಾಪಸ್ ಬರುತ್ತೆ, ಆದ್ರೆ ಈಗ ಅದಕ್ಕೆ ಬೆಲೆ ಇಲ್ಲ. ಹೋಗ್ಲಿ ಬಿಡಿ. ನನಗೆ ಇದೇನು ಹೊಸದಲ್ಲ.”

“ಕ್ಯಾನ್ಸಲ್ ಮಾಡ್ಬೇಡಿ,” ಅಂದಳು ರಂಜನಾ. “ನಾನು ರಜೆ ಹಾಕ್ತೀನಿ. ನಿಮ್ಮ ಅಪ್ಪನ ಹತ್ರ ನಾನಿರ್ತೀನಿ.”



“ನಿಮಗೆ ಯಾಕೆ ರಂಜನಾ ಈ ಕಷ್ಟ?”

“ಒಂದ್ಸಲ ಮಲಗಿ ಬನ್ನಿ ಸಮರ್ಥ್. ನಿಮ್ಮ ಕಣ್ಣು ನೋಡಿ ನೋಡಿ ನನಗೇ ಆಕಳಿಕೆ ಬರುತ್ತೆ.”

ಅಮ್ಮಣ್ಣಿ ಮೊದಲು “ಜನ ಏನಂದಾರು?” ಅಂದರು. ಆಮೇಲೆ ಒಂದು ಚೀಲಕ್ಕೆ ತಮ್ಮ ಸೀರೆ, ಮಾತ್ರೆ ತುಂಬಿದರು. “ನಾನೂ ಬರ್ತೀನಿ. ಆಗ ಏನೂ ಅನ್ನಲ್ಲ.”

*

ಆ ವಾರದ ಕಷ್ಟವನ್ನು ರಂಜನಾ ಊಹಿಸಿರಲಿಲ್ಲ. ಯಜ್ಞನಾರಾಯಣರ ಭಾರ ಅವಳ ಭುಜಕ್ಕೆ ಗೊತ್ತಾಯಿತು. ಅವರ ತೊದಲು ಮೊದಲೆರಡು ದಿನ ಅರ್ಥವಾಗಲಿಲ್ಲ. ಅವರು ಸಿಟ್ಟಿನಿಂದ ಅನ್ನದ ತಟ್ಟೆ ತಳ್ಳಿದರು. ಅಮ್ಮಣ್ಣಿ ಬಂದು ಎದುರಿಗೆ ಕೂತು, “ನೋಡಿ ಯಜ್ಞನಾರಾಯಣರೇ, ತಟ್ಟೆ ತಳ್ಳೋ ಗಂಡಸನ್ನ ನಾನು ಮೂವತ್ತು ವರ್ಷ ನೋಡಿದೀನಿ. ನಿಮ್ಮದೇನು ದೊಡ್ಡ ವಿಷ್ಯ ಅಲ್ಲ, ಬಾಯಿ ತೆಗೀರಿ,” ಅಂದರು. ಮುದುಕರು ಬೆರಗಾಗಿ ಬಾಯಿ ತೆರೆದರು. ಮೂರನೆಯ ದಿನ ಇಬ್ಬರೂ ಒಟ್ಟಿಗೆ ಧಾರಾವಾಹಿ ನೋಡಿ, ಅದರಲ್ಲಿನ ಸೊಸೆಯನ್ನು ಬೈಯುತ್ತಿದ್ದರು.

ರಾತ್ರಿಯ ಪಾಳಿ ಮಾತ್ರ ರಂಜನಾಳದ್ದು. ಕೂಗು ಬಂದಾಗಲೆಲ್ಲ ಎದ್ದಳು. ಇವನು ಇದನ್ನೆಲ್ಲ ಮಾಡಿ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಹೇಗೆ ಹೋಗುತ್ತಿದ್ದ ಎಂದು ಆಶ್ಚರ್ಯಪಟ್ಟಳು.

ಟೋಕಿಯೊದಿಂದ ಒಂದು ಫೋಟೊ ಬಂತು. ದೊಡ್ಡ ಅಂಗಡಿಯೊಂದರಲ್ಲಿ ಸಾಲು ಸಾಲು ಫ್ರಿಜ್ಜು. ಕೆಳಗೆ ಬರೆದಿದ್ದ: ‘ಇಲ್ಲಿ ನಿಂತು ಯಾರ ಬಿಲ್ಲಾದ್ರೂ ಕಟ್ಲಾ ಅಂತ ಕೇಳ್ಬೇಕು ಅನ್ನಿಸ್ತು. ನೀವಿಲ್ಲ. ಸುಮ್ಮನಾದೆ.’

ಅವಳು ಆ ಸಾಲನ್ನು ಬಹಳ ಸಲ ಓದಿದಳು. 

ಅವನು ವಾಪಸು ಬಂದ ಬೆಳಿಗ್ಗೆ ಬಾಗಿಲು ತೆರೆದವರು ಅಮ್ಮಣ್ಣಿ. ಒಳಗೆ ಅಪ್ಪನ ಮಂಚದ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ರಂಜನಾ ಕೂತಲ್ಲೇ ನಿದ್ದೆ ಹೋಗಿದ್ದಳು. ಜಡೆ ಬಿಚ್ಚಿತ್ತು. ತಲೆ ಮಂಚದ ಅಂಚಿಗೆ ವಾಲಿತ್ತು. ಸಮರ್ಥ “ಅಪ್ಪಾ” ಎನ್ನಲು ಬಾಯಿ ತೆರೆದ. ಯಜ್ಞನಾರಾಯಣರು ಎಡಗೈ ಎತ್ತಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡರು.

*

ರಂಜನಾ ಕಣ್ಣು ಬಿಟ್ಟಾಗ ದಿವಾನಿನ ಮೇಲಿದ್ದಳು. ಕಿಟಕಿಯ ಬೆಳಕು ಹಳದಿಯಾಗಿತ್ತು. ಕೆಳಗೆ ನೆಲದ ಮೇಲೆ ಗೋಡೆಗೊರಗಿ ಸಮರ್ಥ ಕೂತಿದ್ದ. ಅವಳು ಎದ್ದದ್ದು ಕಂಡು ಒಳಗೆ ಹೋಗಿ ಕಾಫಿ ತಂದ.

“ನಾನಿಲ್ಲಿ ಹೇಗೆ ಬಂದೆ?”

“ನಡ್ಕೊಂಡೇ ಬಂದ್ರಿ. ಕಣ್ಣು ಮುಚ್ಕೊಂಡು. ನಿಮ್ಮಮ್ಮ ಕೈ ಹಿಡಿದಿದ್ರು.”

“ಈಗ ಎಷ್ಟೊತ್ತು?”

“ಸಂಜೆ ಆಯ್ತು. ಅಮ್ಮ ಮನೆಗೆ ಹೋಗಿ ಗಿಡಕ್ಕೆ ನೀರು ಹಾಕಿ ಬರ್ತೀನಿ ಅಂದ್ರು. ಅಪ್ಪ ಮಲಗಿದಾರೆ.”

“ಎಬ್ಬಿಸ್ಬಾರ್ದಿತ್ತಾ?”

“ಅಪ್ಪ ಬಿಡ್ಲಿಲ್ಲ.”

ಅವಳು ಕಾಫಿ ಕುಡಿದಳು. ಅವನ ಮುಖ ನೋಡಿದಳು. ಕಣ್ಣಿನ ಕೆಳಗಿನ ಕಪ್ಪು ಕಡಿಮೆಯಾಗಿರಲಿಲ್ಲ.

“ಪ್ಲೇನಲ್ಲಿ ನಿದ್ದೆ ಬಂತಾ?”

“ಇಲ್ಲ.”

“ಏನು?”

“ಹಾಸಿಗೆ ಹಾಕಿದ್ರು, ರಗ್ಗು ಹೊದಿಸಿದ್ರು, ದೀಪ ಆರಿಸಿದ್ರು. ಎಂಟು ಗಂಟೆ ಸೀಲಿಂಗ್ ನೋಡ್ತಾ ಮಲಗಿದ್ದೆ. ಬರುವಾಗ್ಲೂ ಅಷ್ಟೇ.”

“ಅಯ್ಯೋ ಸಮರ್ಥ್! ಅಷ್ಟು ವರ್ಷದ ಮೈಲ್ಸು!” ಅವಳಿಗೆ ನಗುವೂ ಬಂತು, ಅಳುವೂ ಬಂತು. “ಅಪ್ಪನ ಚಿಂತೆನಾ?”

“ಅದೇ ವಿಚಿತ್ರ. ಅಪ್ಪನ ಚಿಂತೆ ಬರ್ಲೇ ಇಲ್ಲ. ಅವರ ಹತ್ರ ನೀವಿದ್ರಿ.” ಅವನು ನೆಲ ನೋಡಿದ. “ಚಿಂತೆ ಮಾಡಿ ಅಭ್ಯಾಸ ಆಗಿರೋ ತಲೆ. ಖಾಲಿ ಆಯ್ತಲ್ಲ, ಆ ಜಾಗದಲ್ಲಿ ಪೂರ್ತಿ ನೀವೇ.”

ಹೊರಗೆ ಯಾರದೋ ಸ್ಕೂಟರ್ ನಿಂತಿತು, ಹೊರಟಿತು.

“ಹಾಗಿದ್ರೆ ಒಂದೇ ಸೀಟು ಯಾಕೆ ಬುಕ್ ಮಾಡಿದ್ರಿ?” ಅವಳ ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

“ಕೂತ್ಕೊಂಡು ಹೋಗೋ ಸೀಟಾದ್ರೆ ಅದೇ ಮೈಲ್ಸಿಗೆ ಎರಡು ಬರ್ತಿತ್ತು. ಎರಡು ಅಂತಾನೇ ಒತ್ತಿದ್ದೆ. ಹೆಸರು ಕೇಳ್ತು. ನಿಮ್ಮ ಹೆಸರು ಟೈಪ್ ಮಾಡಿ ಅರ್ಧ ಗಂಟೆ ನೋಡ್ತಾ ಕೂತಿದ್ದೆ. ಆಮೇಲೆ ಅಳಿಸ್ದೆ. ನೀವು ಬೇಡ ಅಂದ್ಬಿಟ್ರೆ, ಆಮೇಲೆ ಸಿಗೋದೂ ನಿಂತ್ಹೋಗುತ್ತಲ್ಲ. ಅದನ್ನ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ ರಂಜನಾ.”

ಅವಳು ಲೋಟ ಕೆಳಗಿಟ್ಟಳು. ದಿವಾನಿನಿಂದಿಳಿದು ಅವನ ಪಕ್ಕದಲ್ಲಿ, ನೆಲದ ಮೇಲೆ ಕೂತಳು.

“ನನಗೆ ಮದುವೆ ಅಂದ್ರೇ ಸುಸ್ತು. ಛತ್ರ, ಸೀರೆ, ಬಂಧುಗಳು. ಹಿಂದಿನದೆಲ್ಲ ಮತ್ತೆ ಎಲ್ಲರಿಗೂ ಹೇಳ್ಬೇಕು.”

“ಯಾರಿಗೂ ಏನೂ ಹೇಳೋದು ಬೇಡ. ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ. ಪಾಷಾ ಸಾಬ್ರು ಸಾಕ್ಷಿ ಹಾಕ್ತಾರೆ.”

“ಇರೋದೆಲ್ಲಿ? ಅಮ್ಮ ತನ್ನ ಮನೆ ಬಿಡಲ್ಲ.”

“ನಿಮ್ಮದು ಗ್ರೌಂಡ್ ಫ್ಲೋರಾ?”

“ಹ್ಞೂಂ. ಆದ್ರೆ ಬಾಗಿಲಿಗೆ ಮೆಟ್ಲಿದೆ. ನಿಮ್ಮಪ್ಪನ ವೀಲ್‌ಚೇರ್ ಹತ್ತಲ್ಲ.”

“ರ‍್ಯಾಂಪ್ ಹಾಕಿಸೋಣ.”

“ಕಾರ್ಡಲ್ಲಾ?”

“ಮೇಸ್ತ್ರಿ ಕಾರ್ಡ್ ತಗೊಳ್ಳಲ್ಲ ರೀ.”

ಅವಳು ನಕ್ಕು, ನಗುತ್ತಲೇ ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ರಾತ್ರಿ ಅಪ್ಪನನ್ನು ನೋಡಿಕೊಳ್ಳಲು ಒಬ್ಬಳನ್ನು ಹುಡುಕುವುದು, ಪಾಳಿ ಹಂಚಿಕೊಳ್ಳುವುದು, ಅಪ್ಪನ ಮಂಚ ಯಾವ ಕೋಣೆಗೆ ಎನ್ನುವುದು, ಎಲ್ಲವನ್ನೂ ಮೆಲ್ಲಗೆ ಮಾತಾಡಿದರು. ಮಾತಿನ ನಡುವೆ ಅವನು ದೊಡ್ಡದಾಗಿ ಆಕಳಿಸಿದ.

“ಹೋಗು, ಮಲಗು,” ಅಂದಳು.

ಅವನು ತಟ್ಟನೆ ತಿರುಗಿ ಅವಳ ಮುಖ ನೋಡಿದ. “ಏನಂದ್ರಿ?”

ರಂಜನಾಗೆ ಆಗ ತಿಳಿಯಿತು. ಕೆನ್ನೆ ಬಿಸಿಯಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಮಲಗು ಅಂದೆ. ನಾನಿರ್ತೀನಿ.”

“ಇನ್ನೊಂದ್ಸಲ ಹೇಳು,” ಅಂದ ಸಮರ್ಥ.