ಬಾಟಲಿಯೊಳಗಿನ ತೂಕಡಿಕೆ

ಐದನೆಯ ಬಾಟಲಿ ಟಿಣ್ ಎಂದಿತು. ಉಮಾಶ್ರೀ ಚಮಚ ಕೆಳಗಿಟ್ಟಳು.

"ಗೊತ್ತಾತು," ಎಂದ ಬೀರೇಶ. "ಆಟದ ಪೀರಿಯಡ್‌ನಾಗ ಭಾಳ ಮಂದಿ ತೂಕಡಿಸ್ಯಾರ."

ಉಮಾಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಟದ ಪೀರಿಯಡ್‌ನಲ್ಲಿ ಯಾರಾದರೂ ತೂಕಡಿಸುತ್ತಾರೆಯೇ? ಆ ಬಾಟಲಿ ಖಾಲಿಯೇ ಇತ್ತು.

ಸುರೇಂದರ್ ಸರ್ ಇಬ್ಬಿಬ್ಬರಿಗೆ ಒಂದೊಂದು ಗ್ರಾಫ್ ಮಾಡಲು ಹೇಳಿದ್ದರು. ಒಬ್ಬರು ಮಾಡಬೇಕು, ಇನ್ನೊಬ್ಬರು ಓದಬೇಕು. ಯಾವ ಪೀರಿಯಡ್‌ನಲ್ಲಿ ಎಷ್ಟು ಮಂದಿ ತೂಕಡಿಸುತ್ತಾರೆ ಎಂದು ಉಮಾಶ್ರೀ ಕದ್ದು ಎಣಿಸಿದ್ದಳು. ಬೀರೇಶನಿಗೆ ಕಣ್ಣು ಕಾಣುವುದಿಲ್ಲ. ಹೋದ ಸಲ ಅವಳು ಕಿವಿಯಲ್ಲಿ ಹೇಳಿದ್ದನ್ನೇ ಅವನು ಒಪ್ಪಿಸಿದಾಗ ಹಿಂದಿನ ಬೆಂಚಿನವರು ಅವನನ್ನು "ಸ್ಪೀಕರ್" ಎಂದು ಕಾಡಿಸಿದ್ದರು.

"ಈ ಸಲ ನಾನೇ ಓದಾಂವ. ನೀ ಹೇಳಬ್ಯಾಡ," ಎಂದು ಆಣೆ ಹಾಕಿಸಿಕೊಂಡಿದ್ದ. ಅದಕ್ಕೇ ಮಖ್ತಲ್ ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ ಪೀರಿಯಡ್‌ಗೊಂದು ಬಾಟಲಿ ತಂದು, ತೂಕಡಿಸಿದ ಒಬ್ಬೊಬ್ಬರಿಗೆ ಒಂದೊಂದು ಬೆರಳಿನಷ್ಟು ನೀರು ತುಂಬಿದ್ದು.

"ನೀರು ಜಾಸ್ತಿ ಆದಂಗ ದನಿ ದಪ್ಪ ಆಗ್ತೈತಿ. ಗ್ರಾಫ್ ಉಲ್ಟಾ ಆತಲ್ಲೋ," ಎಂದಳು ಉಮಾಶ್ರೀ. ಊಟದ ಬಿಡುವು ಮುಗಿಯುತ್ತ ಬಂದಿತ್ತು. ಅವಳಿಗೆ ಅಳುವೇ ಬಂತು.

"ಈ ಖಾಲಿ ಬಾಟಲಿ ಹಾಳಾಗಿ ಹೋಗ್ಲಿ," ಎಂದು ಬೀರೇಶ ಅದರ ಬಾಯಿಗೆ ಉಫ್ ಎಂದು ಊದಿದ. ಎಮ್ಮೆ ಕೂಗಿದಂತೆ ಭೋಂ ಎಂದಿತು.

ಉಮಾಶ್ರೀ ತುಂಬಿದ ಬಾಟಲಿ ಎತ್ತಿಕೊಂಡು ಊದಿದಳು. ಗದ್ವಾಲ್ ರೈಲಿನ ಸೀಟಿಯಂತೆ ಕೂಯ್ ಎಂದಿತು.

"ಸೀದಾ ಆತು," ಎಂದು ಬೀರೇಶ ಕುಣಿದೇಬಿಟ್ಟ.

ಕ್ಲಾಸಿನಲ್ಲಿ ಉಮಾಶ್ರೀ ಊದಿದಾಗ ಎಂಜಲು ಹಾರಿ ಮುಂದಿನ ಬೆಂಚಿಗೆ ಸಿಡಿಯಿತು. ಎಲ್ಲರೂ ನಕ್ಕರು. ಬೀರೇಶ ತಲೆ ವಾಲಿಸಿ ನಿಂತಿದ್ದ. ಅವನು ತಡ ಮಾಡಿದಷ್ಟೂ ಉತ್ತರ ಅವಳ ನಾಲಿಗೆಯ ತುದಿಗೆ ಬರುತ್ತಿತ್ತು. ಅವಳು ತುಟಿ ಕಚ್ಚಿಕೊಂಡಳು.

"ಮೊದ್ಲಿಂದ ಏರಿಕೋಂತ ಹೋಗೇತ್ರಿ ಸರ್. ನಾಕನೇದು ಎಲ್ಲಾಕಿಂತ ಎತ್ತರ. ಆಟದ ಪೀರಿಯಡ್‌ಗೆ ಧಪ್ಪಂತ ಬಿತ್ತು."

"ನಾಕನೇ ಪೀರಿಯಡ್ ಯಾರದು?" ಎಂದರು ಸರ್.

ಮುಂದಿನ ಬೆಂಚಿನವರು ಪುಸ್ತಕದಲ್ಲಿ ಮುಖ ಹುದುಗಿಸಿದರು.

"ನಿಮ್ದೇರಿ ಸರ್," ಎಂದ ಬೀರೇಶ.

ಮೊದಲು ನಕ್ಕವರು ಸರ್. "ಇನ್ನೊಮ್ಮಿ ಊದವ್ವ, ನಾನೂ ಕೇಳ್ತೀನಿ," ಎಂದು ಕಣ್ಣು ಮುಚ್ಚಿದರು. ಇಡೀ ಕ್ಲಾಸು ಕಣ್ಣು ಮುಚ್ಚಿತು.

"ಎರಡನೇದೂ ಮೂರನೇದೂ ಒಂದೇ ಏನೋ, ಬೀರೇಶ?" ಎಂದು ಹಿಂದಿನ ಬೆಂಚಿನಿಂದ ಲಕ್ಷ್ಮಣ್ ಕೇಳಿದ.

ಉಮಾಶ್ರೀಗೆ ಉತ್ತರ ಗೊತ್ತಿತ್ತು. ಅವಳು ಬಾಯಿ ಒರೆಸಿಕೊಂಡು, ಬೀರೇಶ ಏನು ಹೇಳುತ್ತಾನೋ ಎಂದು ಎಲ್ಲರ ಜೊತೆ ಕಾದಳು.